ಶ್ರಾವಣದಲ್ಲಿ ತೆಗೆದಿರಿಸಿದ ರಿಟೇನರ್

ಆಳಂದದಲ್ಲಿ ತಾಯಿತಂದೆಯರ ಬಳಿಯಿರುವ ಮೊಮ್ಮಗಳು ಶಿವಲೀಲೆಗೆ, ನೆಲೋಗಿಯಿಂದ ಮುತ್ಯಾ ಚಂದ್ರಾಮಪ್ಪನು ಶರಣರನ್ನು ನೆನೆದು ಬರೆಯುವುದೇನೆಂದರೆ,

ನಾನು ಸುಖವಾಗಿಲ್ಲ. ಕಾಗದದ ಮೊದಲ ಸಾಲಿನಲ್ಲಿ ಕ್ಷೇಮವೆಂದು ಬರೆಯುವ ರೂಢಿಯನ್ನು ಈ ಸಲ ಪಾಲಿಸಲಾರೆ. ಹನ್ನೊಂದು ದಿನಗಳಿಂದ ಪೂಜೆಗೆ ಕುಳಿತರೆ ಮನಸ್ಸು ನಿಲ್ಲದು. ಅರ್ಧಕ್ಕೆ ಎದ್ದು ಅಂಗಳದಲ್ಲಿ ತಿರುಗುತ್ತೇನೆ. ತಿರುಗಿ ದಣಿದು ಮತ್ತೆ ಕುಳಿತರೆ ನಿನ್ನ ಮುಖವೇ ಎದುರು ನಿಲ್ಲುತ್ತದೆ.

ಎರಡು ವರ್ಷ ತಂತಿ ಧರಿಸಿ ನಿನ್ನ ಹಲ್ಲುಗಳು ಸಾಲುಗೂಡಿದ ಮೇಲೆ, ಕಲಬುರಗಿಯ ಡಾಕ್ಟರ್ ಖುರ್ಷಿದ ಅವರು ಹಲ್ಲುಗಳು ಮತ್ತೆ ಸರಿಯದಂತೆ ಹಿಡಿದಿಡುವ ಆ ಪಾರದರ್ಶಕ ರಿಟೇನರನ್ನು ಕೊಟ್ಟು, ಊಟದ ಹೊತ್ತನ್ನುಳಿದು ಹಗಲಿರುಳು ಬಾಯಲ್ಲಿರಬೇಕೆಂದು ವಿಧಿಸಿದ್ದರು. ಶ್ರಾವಣದಲ್ಲಿ ಮಠದ ವಚನಪಠಣಕ್ಕೆ ನಾನೇ ನಿನ್ನನ್ನು ಕರೆಸಿದೆ. ಮೊದಲ ಸಂಜೆ ರಿಟೇನರಿನ ದೆಸೆಯಿಂದ ನಿನ್ನ ಶಕಾರ ಸಕಾರಗಳು ಕಲೆತುಹೋದವು. ಹಿಂದೆ ಕುಳಿತಿದ್ದ ಶಾರದಾಬಾಯಿ, "ಚಂದ್ರಾಮಪ್ಪಗೋಳ ಮೊಮ್ಮಗಳ ಬಾಯಾಗ ಬೆಲ್ಲದ ಹೆಂಟಿ ಅದ ಏನ್ರಿ?" ಎಂದಳು. ಹೆಂಗಸರು ನಕ್ಕರು, ನೀನೂ ನಕ್ಕೆ. ನನಗೆ ಮಾತ್ರ ನಗು ಬರಲಿಲ್ಲ. ಅದೇ ಪಠಣದಲ್ಲಿ ಐವತ್ತು ವರ್ಷ ಊರವರ ಉಚ್ಚಾರಣೆ ತಿದ್ದಿದವನೆಂಬ ಗರ್ವಕ್ಕೆ ಪೆಟ್ಟು ಬಿದ್ದಿತ್ತು.

ಮನೆಗೆ ಬಂದು, "ತಿಂಗಳ ತನಕ ಅದನ್ನ ತೆಗದಿಡು" ಎಂದೆ. "ಡಾಕ್ಟರಬಾಯಿ ಬೈತಾರ ಮುತ್ಯಾ. ಪಠಣದಾಗಷ್ಟ ತೆಗೀತೇನಿ" ಎಂದು ನೀನು ಸರಿಯಾದ ದಾರಿಯನ್ನೇ ತೋರಿಸಿದೆ. "ಉಳಿದ ಹೊತ್ತು ಹಾಕ್ಕೊಂಡ್ರ ನಾಲಿಗಿ ಕಲ್ತದ್ದು ಮರೀತದ" ಎಂದು ಸಾಧಿಸಿ, ಡಬ್ಬಿ ಸಹಿತ ಅದನ್ನು ಕಸಿದು ನನ್ನ ಪೆಟ್ಟಿಗೆಯಲ್ಲಿರಿಸಿದೆ. ನೀನು ಮತ್ತೆ ಎರಡು ಸಲ ಕೇಳಿದೆ, ನಾನು ಕೊಡಲಿಲ್ಲ. ಎದೆಯ ಇಷ್ಟಲಿಂಗವನ್ನು ಒಂದು ಗಳಿಗೆಯೂ ಅಗಲದ ನಾನು, ನಿನ್ನ ನೇಮವನ್ನು ತಿಂಗಳಿಡೀ ಮುರಿಸಿದೆ.

ತಿಂಗಳು ಮುಗಿದು ನಾನು ಮರಳಿ ಕೊಟ್ಟ ರಿಟೇನರನ್ನು ನೀನು ಆಳಂದದಲ್ಲಿ ಹಾಕಿಕೊಂಡರೆ ಅದು ಹಲ್ಲಿಗೆ ಕೂಡಲಿಲ್ಲವಂತೆ. ಮುಂದಿನ ಎರಡು ಹಲ್ಲುಗಳು ಹೊರಳಿದ್ದವಂತೆ. ಹನ್ನೊಂದು ದಿನದ ಹಿಂದೆ ನಿನ್ನವ್ವ ಜಯಮಾಲಾ ಫೋನಿನಲ್ಲಿ, "ನಿನ್ನ ಮೊಮ್ಮಗಳು ಎಷ್ಟು ಬೇಪರ್ವಾ ಅದಾಳ ನೋಡಪ್ಪ. ಯಾಕ ಹಾಕಿಲ್ಲಬೇ ಅಂದ್ರ ಮರತೆ ಅಂತಾಳ. ಇಕಿಗಿ ಇನ್ನೊಮ್ಮೆ ತಂತಿ ಹಾಕಸಂಗಿಲ್ಲ ಅಂತ ನಮ್ಮ ಮನಿಯಾವ್ರು ಖಡಕ್ಕಾಗಿ ಹೇಳ್ಯಾರ" ಎಂದಳು. ನೀನು ಮರೆತವಳಲ್ಲ, ನನ್ನ ಮಾನ ಕಾಯಲು ಸುಳ್ಳಾಡಿದೆ. ನಾನೋ, "ಇರಲಿ ಬಿಡವ್ವ, ಸಣ್ಣ ಹುಡುಗಿ" ಎಂದು, ನಿನ್ನ ತಪ್ಪನ್ನು ಮನ್ನಿಸುವ ಹಿರಿಯನಂತೆ ನಟಿಸಿ ಫೋನು ಇಟ್ಟೆ.

ನಿನ್ನೆ ಡಾಕ್ಟರಿಗೆ ಫೋನು ಮಾಡಿ ನಡೆದುದನ್ನೆಲ್ಲ ಹೇಳಿದೆ. "ಸುತ್ತ ಎಲುಬು ಗಟ್ಟಿಯಾಗೋ ತನಕ ಹಲ್ಲು ಹಳೀ ಜಾಗಾಕ್ಕ ಹೊಳ್ಳಾಕ ನೋಡ್ತಾವ್ರಿ ಯಜಮಾನ್ರ. ಈಗ ಬಂದ್ರ ನಾಕೈದು ತಿಂಗಳದಾಗ ಸರಿಮಾಡಬಹುದು, ತಡಾ ಮಾಡಬ್ಯಾಡ್ರಿ" ಎಂದರು. ಆಮೇಲೆ, "ಇದನ್ನ ಆಕಿ ಅವ್ವಗ ಹೇಳೀರೇನ್ರಿ?" ಎಂದು ಕೇಳಿದರು.

ಸೋಮವಾರ ಮುಂಜಾನೆಯ ಬಸ್ಸಿಗೆ ಹೊರಟು ಮಧ್ಯಾಹ್ನದೊಳಗೆ ನಿಮ್ಮ ಮನೆ ಸೇರುತ್ತೇನೆ. ನಿನ್ನ ತಂದೆತಾಯಿಯರೆದುರು ನಿಂತು ನಾನೇ ಹೇಳುವೆ. ಆಗ ನೀನು ನಡುವೆ ಬಂದು ಮುತ್ಯಾನ ಪಕ್ಷ ವಹಿಸಬೇಡ. ನಿನ್ನ ಮೇಲೆ ಸುರಿದ ಸಿಟ್ಟು ನನ್ನ ಪಾಲಿನದು. ಅದು ನನಗೆ ಸಲ್ಲಲಿ, ತಂತಿ ನಿನಗೆ ಸಲ್ಲಲಿ.

ಆದರೆ ಶಿವಲೀಲಾ, ನನ್ನ ಕಾಲುಗಳನ್ನು ನಾನು ಪೂರ್ತಿ ನಂಬಲಾರೆ. ಈ ವಾರದಲ್ಲಿ ಎರಡು ಸಲ ನಿಮ್ಮಲ್ಲಿಗೆ ಬರಲೆಂದು ಜೇವರ್ಗಿಯ ಬಸ್ಸಿನ ತನಕ ಹೋಗಿ, ಹತ್ತದೆ ಮನೆಗೆ ಮರಳಿದ್ದೇನೆ. ಆದುದರಿಂದಲೇ ಈ ಕಾಗದವನ್ನು ಮುಂಚಿತವಾಗಿ ಕಳುಹಿಸುತ್ತಿದ್ದೇನೆ. ಸೋಮವಾರ ಹೊತ್ತು ಮುಳುಗುವ ತನಕ ನಾನು ಬಾರದಿದ್ದರೆ, ಕನಿಕರಪಡದೆ ಇದನ್ನು ಜಯಮಾಲಾಳ ಕೈಗೆ ಕೊಡು. ಅವಳಿಗೆ ಅಪ್ಪನ ಅಕ್ಷರದ ಗುರುತುಂಟು.

ಶರಣರು ನಿನ್ನನ್ನು ಕಾಯಲಿ; ನನ್ನಂಥ ಹಿರಿಯರಿಂದಲೂ ಕಾಯಲಿ.

ನಿನ್ನೆದುರು ತಲೆಬಾಗಿಯೇ ಹರಸುವ,
ಮುತ್ಯಾ ಚಂದ್ರಾಮಪ್ಪ