ಎಡಗಡೆಯ ಪರದೆ

ಜೂನ್ ೧೧, ಮಂಗಳವಾರ

ಎರಡೆರಡು ಮಾನಿಟರ್‌ಗಳನ್ನು ಆಳುವ ಮಹಾಜನರೇ! ಪುಸ್ತಕದ ಪುಟ ಜೋಡಿಸುವ ಈ ಬಡಪಾಯಿಯ ಎಡಗಡೆಯ ಪರದೆ ವಾರದಿಂದ ನಡುಗುತ್ತಿತ್ತೆಂದು ತಮ್ಮಲ್ಲಿ ಅರಿಕೆ. ಬಲಗಡೆಯದು ಮಾತ್ರ ಗಟ್ಟಿಗ. ಕೇಬಲ್ ಬದಲಿಸಿದೆ, ಬೈದೆ, ಬೇಡಿಕೊಂಡೆ. ಅದು ನಡುಗುತ್ತಲೇ ಇತ್ತು.

ಎಡಗಣ್ಣಿನ ಆಪರೇಷನ್ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ ಇದೂ ಶುರುವಾಗಬೇಕೆ?

ಇವತ್ತು ಪ್ರೂಫ್ ನೋಡುವ ಅಕ್ಕ ಪುಟ ಕೇಳಲು ನನ್ನ ಮೇಜಿನ ಬಳಿ ಬಂದವರೇ ಮುಖ ಕಿವುಚಿದರು.

"ಏನೋ ಇದು? ಅಕ್ಷರವೆಲ್ಲ ಥಕಥೈ ಕುಣೀತಿದೆ!"

"ನಿಮಗೂ ಕಾಣ್ತಿದೆಯಾ ಅಕ್ಕ?"

"ನಂಗೇನು ಕಣ್ಣಿಲ್ವೇನೋ? ನೋಡಿದ್ರೆ ತಲೆ ಸುತ್ತುತ್ತೆ."

ಇಷ್ಟು ಸಿಹಿಯಾದ ಬೈಗುಳ ನಾನು ಕೇಳಿದ್ದೇ ಇಲ್ಲ.

ಆಮೇಲೆ ಹುಡುಕಿದರೆ, ನಾನು ರಜೆಯಲ್ಲಿದ್ದಾಗ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಎಂಬ ತಂತ್ರಾಂಶ ಯಾರನ್ನೂ ಕೇಳದೆ ತಾನೇ ಅಪ್‌ಡೇಟ್ ಆಗಿತ್ತು. ಹಿಂದಿನದನ್ನೇ ಮತ್ತೆ ಹಾಕಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ.

ಹೊಸ ಡ್ರೈವರ್ ತೆಗೆದಾಯ್ತು, ಹಳೆಯದು ಕೂತಾಯ್ತು,
ಕುಣಿಯುವ ಪರದೆಗೆ ನಾಚಿಕೆಯಾಯ್ತು!

ಇದನ್ನು ರಾಗವಾಗಿ ಹಾಡಿದೆ. "ಕವಿಗಳೇ, ಮೊದಲು ಪುಟ ಕೊಡಿ" ಎಂದರು ಅಕ್ಕ.

ಹೀಗೆ ಮಹಾಜನರೇ, ತಂತ್ರಜ್ಞಾನದ ಎದುರು ನಿಮ್ಮ ಸೇವಕ ಎದೆಗುಂದದೆ...

ಸಾಕು ನಾಟಕ. ವಾರವಿಡೀ ನಾನು ಹೆದರಿದ್ದು ಕಣ್ಣಿನ ಬಗ್ಗೆ. ನಡುಕ ನನಗೊಬ್ಬನಿಗೇ ಕಾಣುತ್ತಿದ್ದರೆ ಎಂದು ಯಾರನ್ನೂ ಕರೆದು ತೋರಿಸಲಿಲ್ಲ. ಬಲಗಣ್ಣು ಮುಚ್ಚಿ ನೋಡುವ ಧೈರ್ಯವೂ ಬರಲಿಲ್ಲ. ಈಗ ಅದನ್ನು ಮುಚ್ಚಿಕೊಂಡೇ ಬರೆಯುತ್ತಿದ್ದೇನೆ. ಸಾಲು ನೆಟ್ಟಗಿದೆ.