ಬಳಸಿ ಬಿಸಾಡಿದ ರಿಬ್ಬನ್

ಗೆಳತಿ,

ನನ್ನ ಮೇಲಿನ ಸಿಟ್ಟು ನಿನಗಿನ್ನೂ ಆರಿರಲಾರದು. ಆದರೂ ಇವತ್ತಿನ ಸಂಗತಿಯನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ.

ಮಗ ಹೋದ ತಿಂಗಳು ಒಂದು ಫೋಟೊ ಪ್ರಿಂಟರ್ ಕೊಂಡ. ಅಗ್ಗದ್ದು, ಊಟದ ಡಬ್ಬಿಯಷ್ಟೇ ಇದೆ. "ನನ್ನದೊಂದು ಫೋಟೊ ಹಾಕ್ಕೊಡೋ" ಅಂದರೆ, "ಪೇಪರ್ ಮುಗಿದೋಗಿದೆ, ಅಮ್ಮ" ಅಂದ. ಪೇಪರಿನ ಪ್ಯಾಕೆಟ್ಟುಗಳೇನೋ ವಾರವಾರವೂ ಬರುತ್ತಿದ್ದವು.

ಇವತ್ತು ಕಸದಲ್ಲಿ ಆ ಪ್ರಿಂಟರಿನ ಬಣ್ಣ ಮುಗಿದ ರಿಬ್ಬನ್ ಸಿಕ್ಕಿತು. ಯಾವುದಾದರೂ ಬಟ್ಟೆಯ ಅಂಚಿಗೆ ಆದೀತೆಂದು ಎಳೆದು, ಹೊಲಿಗೆ ಯಂತ್ರದ ದೀಪಕ್ಕೆ ಹಿಡಿದೆ. ಅಚ್ಚಾದ ಒಂದೊಂದು ಚಿತ್ರದ ನೆರಳೂ ಅದರಲ್ಲೇ ಉಳಿದಿತ್ತು. ಮೂವತ್ತಾರು ಚಿತ್ರ, ಎಲ್ಲದರಲ್ಲೂ ನಿನ್ನ ಮಗಳು. ಬಸ್ಸಿಗೆ ಕಾಯುತ್ತಾ, ಬಟ್ಟೆ ಒಣಹಾಕುತ್ತಾ, ನಾನು ಕಂಡಿರದ ಒಂದು ಗೇಟಿನ ಚಿಲಕ ಹಾಕುತ್ತಾ. ಒಂದರಲ್ಲೂ ಅವಳು ಕ್ಯಾಮೆರಾದ ಕಡೆ ನೋಡಿಲ್ಲ.

ಎರಡು ವರ್ಷದ ಹಿಂದೆ ನೀನು ನಮ್ಮ ಬಾಗಿಲಲ್ಲಿ ನಿಂತು, "ನಿನ್ನ ಮಗನಿಗೆ ಸ್ವಲ್ಪ ಹೇಳೇ, ಹುಡುಗಿ ಹೆದರ್ಕೊಳ್ತಾಳೆ" ಅಂದಿದ್ದೆ. "ಮೊದಲು ನಿನ್ನ ಮಗಳನ್ನ ಹದ್ದುಬಸ್ತಲ್ಲಿಡು" ಅಂದವಳು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗೊಣಗುತ್ತಾ ನೀನು ಮೆಟ್ಟಿಲಿಳಿದು ಹೋದೆ. ಆ ವಾರವೇ, ಯಾರಿಗೂ ವಿಳಾಸ ಹೇಳದೆ, ಮನೆ ಬಿಟ್ಟಿರಿ.

ಗೇಟಿನ ಮೇಲಿನ ಮನೆ ಸಂಖ್ಯೆ, ಬೀದಿಯ ಹೆಸರು ರಿಬ್ಬನ್ನಿನಲ್ಲಿ ಸ್ಪಷ್ಟವಾಗಿವೆ. ಲಕೋಟೆಯ ಮೇಲೆ ಬರೆದೂ ಆಯಿತು. ಅಂಚೆಚೀಟಿ ಮಾತ್ರ ಇನ್ನೂ ಕೈಯಲ್ಲೇ ಇದೆ.

ಈಗಷ್ಟೇ ಮಗ ಬಂದು, "ಕಸದ ಬುಟ್ಟಿ ಯಾರು ಮುಟ್ಟಿದ್ದು?" ಅಂದ.

"ನಾನ್ಯಾಕೆ ಮುಟ್ಲಿ" ಅಂದೆ.

ಅವನು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೊರಟ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಊಟಕ್ಕೆ ಬೇಗ ಬಾ ಅಂದೆ.