ಕಾಗದದ ಬಾಯಿಗೆ ಬಾಗೋ ಕೋಲು

"ಇದೇನು ಗಾಳದ ಕೋಲೋ, ಹಲ್ಲು ಚುಚ್ಚೋ ಕಡ್ಡಿಯೋ?" ಅಂತ ನಿನ್ನೆ ಕೇಳಿದೆಯಲ್ಲ ವರ್ಡೆಲ್, ನಾನು ಬಾಯಿ ತೆರೆಯೋದರೊಳಗೆ ನೀನು ಎದ್ದು ಹೋಗಿಬಿಟ್ಟೆ. ಅದಕ್ಕೇ ಈ ಚೀಟಿ ಬರೆದಿಡ್ತಿದ್ದೀನಿ.

ಅಂಗಳದ ಡಾಗ್‌ವುಡ್ ಮರ ಹೂ ಬಿಟ್ಟಿದೆ. ಕ್ರಾಪಿ ಮೀನು ದಡಕ್ಕೆ ಬರೋದು ಈ ಒಂದೆರಡು ವಾರ ಮಾತ್ರ. ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ, ಕೆರೆಗೆ ಹೊರಟಿದ್ದೀನಿ.

ನಾನು ತಂದ ಕೋಲನ್ನು ಅಂಗಡಿಗೆ ವಾಪಸ್ ಕೊಡಬೇಡ. ನಿನ್ನ ಭುಜದ ಆಪರೇಷನ್ನಿಗೆ ಕನಿಕರಪಟ್ಟು ತಂದದ್ದಲ್ಲ ಅದು. ಕ್ರಾಪಿಯ ಬಾಯಿ ಕಾಗದದಷ್ಟು ತೆಳು. ನೀನೋ ಕ್ಯಾಟ್‌ಫಿಶ್ ಎಳೆಯೋ ದಪ್ಪ ಕೋಲಲ್ಲಿ ಜಗ್ಗಿ ಜಗ್ಗಿ ಮೂವತ್ತು ವರ್ಷ ಅವುಗಳ ತುಟಿ ಹರಿದೆ, ಆಮೇಲೆ "ಈ ಕೆರೇಲಿ ಮೀನೇ ಇಲ್ಲ ಕಣೇ" ಅಂದೆ. ಇದು ಬಾಗುತ್ತೆ, ಮೀನು ಗಾಳದಲ್ಲೇ ಉಳಿಯುತ್ತೆ.

ದಾರ ಸುತ್ತೋ ರೀಲು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕೋಲಿಗೆ ಸಿಕ್ಕಿಸಿ ಒಂದು ಬೆರಳ ಮೇಲಿಟ್ಟು ನೋಡು, ತಕ್ಕಡಿ ಹಾಗೆ ನಿಲ್ಲುತ್ತೆ. ಕೋಲು ಎಡಗೈಲಿ ಹಿಡಿ. ಬಲಗೈ ಬರೀ ರೀಲು ತಿರುಗಿಸಲಿ, ಆಪರೇಷನ್ ಆದ ಭುಜ ಎತ್ತೋದೇ ಬೇಡ.

ಫ್ರಿಜ್ಜಲ್ಲಿ ಮಜ್ಜಿಗೆ ಪಕ್ಕದ ಡಬ್ಬೀಲಿ ಗಾಳಕ್ಕೆ ಸಿಕ್ಕಿಸೋ ಜೀವಂತ ಮರಿಮೀನಿವೆ. ಬೇಕಂತಲೇ ಬಿಟ್ಟಿದ್ದೀನಿ, ನೀನೇ ತಾ.

ನನ್ನ ತಂಗಿ ಅರ್ಲೀನ್ ಆಗಲೇ ಫೋನ್ ಮಾಡಿದ್ದಳು. "ಭಾವ ಬರಲ್ಲ ಅಂದ್ರೆ ದೋಣೀಲಿ ಅವರ ಸೀಟು ನಂಗೆ!"

"ಏಳು ಗಂಟೆವರೆಗೂ ತಡಿಯೇ" ಅಂದೆ.

"ಭಾವನ ಆಪರೇಷನ್ ಆದಾಗಿಂದ ಏಳು ತಿಂಗಳು ತಡೀತಾನೇ ಇದ್ದೀಯಲ್ಲಕ್ಕ."

ಆ ಸೀಟಲ್ಲಿ ಬೇರೆಯವರನ್ನ ಕೂರಿಸೋಕೆ ನನಗೆ ಮನಸ್ಸಿಲ್ಲ ಕಣೋ.

ಈಗಷ್ಟೇ ಮೇಲೆ ನೀನು ಒಂದು ಬೂಟು ಹಾಕಿ ನೆಲಕ್ಕೆ ಕುಟ್ಟಿದ ಸದ್ದು ಕೇಳಿತು. ಇನ್ನೊಂದನ್ನೂ ಹಾಕ್ಕೋ. ಟ್ರಕ್ಕಲ್ಲಿ ಕೂತಿರ್ತೀನಿ.